ಎಷ್ಟು ಬೋಲ್ಟ್ ಹಾಕಬೇಕು? ಉಕ್ಕಿನ ಜೋಡಣೆಯೊಂದನ್ನು ಕಾಗದದಿಂದ ಶೆಡ್ಡಿಗೆ ಏರಿಸುವ ಬಗೆ

ಪುಣೆ ಹತ್ತಿರದ ಚಾಕಣದ ಒಂದು ಶೆಡ್ಡು. ನೆಲದಿಂದ ಏಳು ಮೀಟರ್ ಮೇಲೆ ಬ್ರೇಸಿಂಗ್ ಆಂಗಲ್ಲಿನ (ಶೆಡ್ಡು ಗಾಳಿಗೆ ವಾಲದಂತೆ ಓರೆಯಾಗಿ ಹಿಡಿಯುವ, L ಆಕಾರದ ಉಕ್ಕು) ಎರಡನೇ ತೂತು ಗಸೆಟ್ ಪ್ಲೇಟಿನ (ಅದನ್ನು ಕಂಬಕ್ಕೆ ಕೂಡಿಸುವ ಪ್ಲೇಟು) ತೂತಿಗೆ ಕೂಡದೆ ಆರು ಮಿಲಿಮೀಟರ್ ಆಚೆ ನಿಂತಿತ್ತು. ಫಿಟ್ಟರ್ ಇಂಡಿ ತಾಲೂಕಿನವನು. ಮೇಲಿಂದಲೇ ಕೂಗಿ ಕೇಳಿದ: "ಸಾಹೇಬ್ರ, ಬೋಲ್ಟ್ ಕೂಡವಲ್ದು. ಗ್ಯಾಸ್ ಹಚ್ಚಿ ತೂತ ಚೂರ ದೊಡ್ಡದ ಮಾಡ್ಲೇನ್ರಿ? ಐದ ಮಿನಿಟಿನ ಕೆಲಸ ಐತಿ."

"ಬ್ಯಾಡಪ್ಪಾ, ಹಂಗ ಬಿಡು, ಕೆಳಗ ಇಳಿ" ಅಂದೆ. ಯಾಕೆ ಬೇಡ ಎಂದು ಅವನಿಗೆ ಹೇಳಲು ಅರ್ಧ ಗಂಟೆ ಬೇಕಾಯಿತು. ಆ ಅರ್ಧ ಗಂಟೆಯ ಮಾತನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ವಿಜಯಪುರ, ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಡಿಪ್ಲೊಮಾ, ಬಿಇ ಮುಗಿಸಿ ಪುಣೆಯ ಡಿಸೈನ್ ಆಫೀಸುಗಳಿಗೂ ಭೋಸರಿಯ ಫ್ಯಾಬ್ರಿಕೇಶನ್ ಶಾಪುಗಳಿಗೂ ಬರುವ ಹುಡುಗರು ನನಗೆ ಫೋನ್ ಮಾಡಿದಾಗ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ಸರ, ಇಲ್ಲಿ ಎಷ್ಟು ಬೋಲ್ಟ್ ಹಾಕ್ಬೇಕ್ರಿ?" ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಬೋಲ್ಟು ಮುರಿಯುವ ಮೊದಲೇ ಅದರ ಸುತ್ತಲಿನ ಪ್ಲೇಟು ಹರಿಯುವ ಜೋಡಣೆಗಳು ಬೇಕಾದಷ್ಟಿವೆ.

ಚಾಕಣದ ಆ ಜೋಡಣೆಯನ್ನೇ ಉದಾಹರಣೆಯಾಗಿ ಹಿಡಿಯೋಣ. ಲೆಕ್ಕಕ್ಕೆ ಆಧಾರ ಉಕ್ಕಿನ ಕಟ್ಟಡಗಳಿಗಿರುವ ನಮ್ಮ ಭಾರತೀಯ ಕೋಡು ಐಎಸ್ 800:2007. ಕೋಡಿನ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಒಳ್ಳೆಯದು.

ಮೊದಲು ಬಲದ ದಾರಿ ಹಿಡಿಯಿರಿ

ಕ್ಯಾಲ್ಕ್ಯುಲೇಟರ್ ಮುಟ್ಟುವ ಮುಂಚೆ ಒಂದು ಹಾಳೆಯಲ್ಲಿ ಜೋಡಣೆಯ ಚಿತ್ರ ಬಿಡಿಸಿ, ಬಲ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ನಮ್ಮ ಬ್ರೇಸಿಂಗಿನಲ್ಲಿ ಗಾಳಿಯ ಬಲ ಆಂಗಲ್ಲಿನೊಳಗೆ ಎಳೆತವಾಗಿ ಬರುತ್ತದೆ. ಆಂಗಲ್ಲಿನ ಒಂದೇ ಕಾಲು ಗಸೆಟ್ಟಿಗೆ ತಾಗಿರುವುದರಿಂದ ಇಡೀ ಎಳೆತ ಆ ಕಾಲಿನ ತೂತುಗಳ ಸುತ್ತ ಗುಂಪುಗೂಡಿ, ಬೋಲ್ಟಿಗೆ ಒರಗಿ, ಬೋಲ್ಟನ್ನು ಅಡ್ಡಡ್ಡ ಕತ್ತರಿಸಲು ನೋಡುತ್ತದೆ. ಅಲ್ಲಿಂದ ಗಸೆಟ್ಟಿನ ತೂತಿಗೆ, ಗಸೆಟ್ಟಿನಿಂದ ವೆಲ್ಡಿಗೆ, ವೆಲ್ಡಿನಿಂದ ಕಂಬಕ್ಕೆ, ಕಂಬದಿಂದ ಬೇಸ್ ಪ್ಲೇಟಿಗೆ, ಕೊನೆಗೆ ಆಂಕರ್ ಬೋಲ್ಟಿಗೆ. ಪ್ರತಿ ನಿಲ್ದಾಣದಲ್ಲೂ ಒಂದು ಲೆಕ್ಕ ಬೇಕು. ಒಂದನ್ನು ಬಿಟ್ಟರೂ ಉಳಿದವುಗಳಿಂದ ಪ್ರಯೋಜನವಿಲ್ಲ.

ಬೋಲ್ಟಿಗೆ ಬರುವುದು ಕತ್ತರಿಸುವ ಬಲವೇ (ನಾವು ಷಿಯರ್ ಅನ್ನುತ್ತೇವೆ), ಉದ್ದಕ್ಕೆ ಎಳೆಯುವ ಬಲವೇ, ಎರಡೂ ಸೇರಿದೆಯೇ ಎಂಬುದು ಈ ಚಿತ್ರದಿಂದಲೇ ತಿಳಿಯಬೇಕು. ಎರಡೂ ಸೇರಿದ್ದರೆ ಪ್ರತಿಯೊಂದರ ಬಲವನ್ನು ಅದರದರ ಸಾಮರ್ಥ್ಯದಿಂದ ಭಾಗಿಸಿ, ವರ್ಗ ಮಾಡಿ, ಕೂಡಿಸಿದರೆ 1ನ್ನು ಮೀರಬಾರದು.

ಬೋಲ್ಟಿನ ಆಯ್ಕೆ

ಮಾರುಕಟ್ಟೆಯಲ್ಲಿ ಎಂಎಸ್ (ಮೈಲ್ಡ್ ಸ್ಟೀಲ್) ಬೋಲ್ಟ್ ಎಂದು ಸಿಗುವುದು ಸಾಮಾನ್ಯವಾಗಿ 4.6 ದರ್ಜೆ, ಎಚ್‌ಟಿ (ಹೈ ಟೆನ್ಸೈಲ್) ಬೋಲ್ಟ್ ಅಂದರೆ 8.8 ಅಥವಾ 10.9. ಈ ಅಂಕಿಯನ್ನು ಓದುವುದು ಸುಲಭ. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಬೋಲ್ಟು ಹರಿಯುವ ಒತ್ತಡ, ಮೆಗಾಪಾಸ್ಕಲ್‌ನಲ್ಲಿ. ಚುಕ್ಕಿಯ ಮುಂದಿನದು ಅದರಲ್ಲಿ ಎಷ್ಟು ಪಾಲಿಗೆ ಬೋಲ್ಟು ಜಗ್ಗತೊಡಗುತ್ತದೆ ಎಂಬುದು. 8.8 ಅಂದರೆ 800ಕ್ಕೆ ಹರಿಯುತ್ತದೆ, 640ಕ್ಕೆ ಜಗ್ಗುತ್ತದೆ. 4.6 ಅಂದರೆ 400 ಮತ್ತು 240.

ಒಂದೇ ಸೈಟಿನಲ್ಲಿ ಒಂದೇ ಅಳತೆಯ ಎರಡು ದರ್ಜೆಯ ಬೋಲ್ಟುಗಳನ್ನು ಎಂದಿಗೂ ಕಳುಹಿಸಬೇಡಿ. ಎಂ 20 (ಅಂದರೆ 20 ಮಿಮೀ ವ್ಯಾಸದ) ಅಳತೆಯಲ್ಲಿ 4.6 ಮತ್ತು 8.8 ಎರಡೂ ಗೋಣಿಚೀಲದಲ್ಲಿ ಬಂದರೆ, ಮಳೆಯಲ್ಲಿ ನೆನೆದ ಮೇಲೆ ಮೇಲೇರಿದ ಹುಡುಗ ಯಾವುದನ್ನು ಎಲ್ಲಿ ಹಾಕಿದ ಎಂದು ಯಾರೂ ಹೇಳಲಾರರು. ಮುಖ್ಯ ಜೋಡಣೆಗೆ ಎಂ 20, 8.8, ಪರ್ಲಿನ್ನಿಗೆ (ಛಾವಣಿಯ ಶೀಟು ಹೊರುವ ಅಡ್ಡಪಟ್ಟಿ) ಎಂ 12, 4.6. ಹೀಗೆ ಅಳತೆಯಲ್ಲೇ ಬೇರೆ ಮಾಡಿಬಿಟ್ಟರೆ ತಪ್ಪಾಗಲು ಜಾಗವೇ ಇರುವುದಿಲ್ಲ. ಮುಂಬೈಯ ನಾಗದೇವಿ ಸ್ಟ್ರೀಟಿನಲ್ಲಿ ಕೊಂಡರೂ ಭೋಸರಿಯಲ್ಲಿ ಕೊಂಡರೂ ಬೋಲ್ಟಿನ ತಲೆಯ ಮೇಲೆ ದರ್ಜೆಯ ಅಂಕಿ ಮತ್ತು ತಯಾರಕರ ಗುರುತು ಎರಡೂ ಇದ್ದರೆ ಮಾತ್ರ ಒಪ್ಪಿಕೊಳ್ಳಿ, ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. 8.8 ಬೋಲ್ಟಿಗೆ 8ನೇ ದರ್ಜೆಯ ನಟ್ಟೇ ಬೇಕು. ಮೆತ್ತನೆಯ ನಟ್ಟು ಹಾಕಿದರೆ ಬಿಗಿಯುವಾಗಲೇ ಅದರ ಥ್ರೆಡ್ (ಪುಣೆಯ ಫಿಟ್ಟರುಗಳು ಆಟೆ ಅನ್ನುತ್ತಾರೆ) ಸವೆದುಹೋಗುತ್ತದೆ, ಹೊರಗಿನಿಂದ ಮಾತ್ರ ಎಲ್ಲ ಸರಿಯಾಗಿದ್ದಂತೆ ಕಾಣುತ್ತದೆ.

ತೂತಿನ ಅಳತೆ, ಅಂತರ

ಎಂ 16ರಿಂದ ಎಂ 24ರವರೆಗೆ ತೂತು ಬೋಲ್ಟಿಗಿಂತ 2 ಮಿಮೀ ದೊಡ್ಡದು, ಅದಕ್ಕೂ ದಪ್ಪದ ಬೋಲ್ಟಿಗೆ 3 ಮಿಮೀ. ಎಂ 20ಕ್ಕೆ 22ರ ತೂತು. ಬೋಲ್ಟಿನಿಂದ ಬೋಲ್ಟಿಗೆ ಕನಿಷ್ಠ ಬೋಲ್ಟಿನ ವ್ಯಾಸದ ಎರಡೂವರೆ ಪಟ್ಟು, ಅಂದರೆ 50 ಮಿಮೀ. ನಾನು 60 ಇಡುತ್ತೇನೆ, ಪಾನಾ (ಸ್ಪ್ಯಾನರ್) ತಿರುಗಿಸಲು ಕೈಗೆ ಜಾಗ ಬೇಕಲ್ಲ. ಅಂಚಿನ ಅಂತರವನ್ನು ತೂತಿನ ನಡುವಿನಿಂದ ಅಳೆಯಬೇಕು, ತೂತಿನ ಅಂಚಿನಿಂದಲ್ಲ. ಹೊಸಬರು ತಪ್ಪುವುದು ಇಲ್ಲೇ. ರೋಲ್ ಆದ, ಗರಗಸದಿಂದ ಕೊಯ್ದ ಅಥವಾ ಮಷಿನ್ ಗ್ಯಾಸಿನಿಂದ ಕತ್ತರಿಸಿದ ಅಂಚಿಗೆ ತೂತಿನ ವ್ಯಾಸದ 1.5 ಪಟ್ಟು, ಅಂದರೆ 33 ಮಿಮೀ. ಕೈಗ್ಯಾಸಿನಲ್ಲಿ ಕತ್ತರಿಸಿದ್ದರೆ ಅಥವಾ ಷಿಯರ್ ಮಷಿನ್ನಿನಲ್ಲಿ ಕೊಯ್ದಿದ್ದರೆ 1.7 ಪಟ್ಟು, ಅಂದರೆ 37.4. ಸಣ್ಣ ಶಾಪುಗಳಲ್ಲಿ ಕೈಗ್ಯಾಸೇ ಹೆಚ್ಚು. ಅದಕ್ಕೆ ಡ್ರಾಯಿಂಗಿನಲ್ಲಿ 40 ಎಂದೇ ಬರೆದುಬಿಡಿ.

ಈಗ ಲೆಕ್ಕ

ನಮ್ಮ ಬ್ರೇಸಿಂಗು 75 × 75 × 8ರ ಆಂಗಲ್, ಗಸೆಟ್ 8 ಮಿಮೀ, ಉಕ್ಕು ಇ 250. ಈ ಉಕ್ಕು 250 ಮೆಗಾಪಾಸ್ಕಲ್‌ಗೆ ಜಗ್ಗುತ್ತದೆ, 410ಕ್ಕೆ ಹರಿಯುತ್ತದೆ. ಸುರಕ್ಷತಾ ಗುಣಕ ಸೇರಿಸಿದ ಮೇಲೆ ಬರುವ ಎಳೆತ 150 ಕಿಲೋನ್ಯೂಟನ್, ಹೆಚ್ಚುಕಡಿಮೆ ಹದಿನೈದು ಟನ್. ಬೋಲ್ಟು ಎಂ 20, ತೂತುಗಳ ಅಂತರ 60, ತುದಿಯ ಅಂತರ 40. ತೂತುಗಳ ಸಾಲು ಆಂಗಲ್ಲಿನ ಮೂಲೆಯಿಂದ 40 ಮಿಮೀ, ಹಾಗಾಗಿ ಆ ಕಾಲಿನ ಅಂಚಿಗೆ 35.

ಮೊದಲು ಬೋಲ್ಟು ಕತ್ತರಿಸುವ ಲೆಕ್ಕ. ಥ್ರೆಡ್ ಇರುವ ಕಡೆ ಎಂ 20ರ ಒಳಗಿನ ವಿಸ್ತೀರ್ಣ 245 ಚದರ ಮಿಮೀ. ಅದನ್ನು 800ರಿಂದ ಗುಣಿಸಿ, 3ರ ವರ್ಗಮೂಲದಿಂದ ಭಾಗಿಸಿ, ಮತ್ತೆ ಸುರಕ್ಷತೆಗೆಂದು 1.25ರಿಂದ ಭಾಗಿಸಿದರೆ 90.5 ಕಿಲೋನ್ಯೂಟನ್. 4.6ರ ಬೋಲ್ಟಾದರೆ ಇದರ ಅರ್ಧ, 45.3. ಥ್ರೆಡ್ ಇಲ್ಲದ ಭಾಗವೇ ಸಂದಿಯಲ್ಲಿ ಕೂರುತ್ತದೆ ಎಂದು ನಂಬಿ 314 ಚದರ ಮಿಮೀ ಹಿಡಿಯುವವರಿದ್ದಾರೆ. ಸೈಟಿನಲ್ಲಿ ಯಾವ ಉದ್ದದ ಬೋಲ್ಟು ಹೋಗುತ್ತದೋ ಹೇಳಲಾಗದು. ನಾನು 245ನ್ನೇ ಹಿಡಿಯುತ್ತೇನೆ.

ಎರಡನೆಯದು ಬೇರಿಂಗ್, ಅಂದರೆ ಬೋಲ್ಟು ಒರಗಿ ತೂತನ್ನು ಹಿಗ್ಗಿಸುವ ಬಗೆ. ಇಲ್ಲಿ ಅಂಚಿನ ಅಂತರವೇ ಯಜಮಾನ. ತುದಿಯ ಅಂತರವನ್ನು ತೂತಿನ ವ್ಯಾಸದ ಮೂರು ಪಟ್ಟಿನಿಂದ ಭಾಗಿಸಿ: 40ನ್ನು 66ರಿಂದ ಭಾಗಿಸಿದರೆ 0.606. ಬೋಲ್ಟುಗಳ ಅಂತರದ ಲೆಕ್ಕ 0.659 ಕೊಡುತ್ತದೆ. ಎರಡರಲ್ಲಿ ಸಣ್ಣದನ್ನು ಹಿಡಿದು 2.5 × 0.606 × 20 × 8 × 410, ಅದನ್ನು 1.25ರಿಂದ ಭಾಗಿಸಿದರೆ 79.5 ಕಿಲೋನ್ಯೂಟನ್. 8.8ರ ಬೋಲ್ಟು 90 ತಾಳುತ್ತದೆ, ಪ್ಲೇಟು ತಾಳುವುದು 79 ಮಾತ್ರ. ಇಲ್ಲಿ 10.9ರ ಬೋಲ್ಟು ಹಾಕಿದರೆ ಖರ್ಚು ಹೆಚ್ಚು, ಬಲ ಒಂದು ಕಿಲೋನ್ಯೂಟನ್ನೂ ಹೆಚ್ಚುವುದಿಲ್ಲ. ತುದಿಯ ಅಂತರ ಕೈತಪ್ಪಿ 30 ಆದರೆ ಇದೇ 79.5 ಇಳಿದು 59.6 ಆಗುತ್ತದೆ.

ಎರಡು ಬೋಲ್ಟಿಗೆ 159. ಬೇಕಾದದ್ದು 150. ಸಾಕು ಅನ್ನಿಸುತ್ತದೆ. ಬಹಳ ಮಂದಿ ಇಲ್ಲಿಗೆ ನಿಲ್ಲಿಸುತ್ತಾರೆ, ನಿಲ್ಲಿಸಬಾರದು.

ಆಂಗಲ್ಲಿನ ತುದಿ ಏನಾಗುತ್ತದೆ?

ಇಡೀ ಆಂಗಲ್ಲಿನ ವಿಸ್ತೀರ್ಣ 1138 ಚದರ ಮಿಮೀ, ಜಗ್ಗದೆ 258 ಕಿಲೋನ್ಯೂಟನ್ ಹೊರುತ್ತದೆ. ತೂತು ಕಳೆದು, ಒಂದೇ ಕಾಲು ಹಿಡಿದಿರುವ ನಷ್ಟವನ್ನೂ ಕಳೆದ ನೆಟ್ ಸೆಕ್ಷನ್ನಿನ ಲೆಕ್ಕ 206 ಕೊಡುತ್ತದೆ. ಇನ್ನೊಂದು ಬಗೆಯ ಹರಿತವಿದೆ, ಅದರ ಹೆಸರು ಬ್ಲಾಕ್ ಷಿಯರ್. ಸೀರೆಯ ಸೆರಗಿಗೆ ಮೊಳೆ ತಾಗಿ ಎಳೆದಾಗ ಒಂದು ತುಂಡು ಹೇಗೆ ಕಿತ್ತುಬರುತ್ತದೋ ಹಾಗೆ, ಬೋಲ್ಟಿನ ಸಾಲಿನುದ್ದಕ್ಕೆ ಕತ್ತರಿಸಿ, ಕೊನೆಯ ಬೋಲ್ಟಿನಿಂದ ಅಂಚಿನತ್ತ ಅಡ್ಡ ಹರಿದು, ಇಡೀ ತುಂಡೇ ಈಚೆ ಬಂದುಬಿಡುತ್ತದೆ.

ಸಾಲಿನುದ್ದ 40 + 60, ಅಂದರೆ 100 ಮಿಮೀ. ಒಂದೂವರೆ ತೂತು ಕಳೆದರೆ 67. ಅಡ್ಡಕ್ಕೆ 35, ಅರ್ಧ ತೂತು ಕಳೆದರೆ 24. ಎಲ್ಲವನ್ನೂ 8ರ ದಪ್ಪದಿಂದ ಗುಣಿಸಿ ಕೋಡಿನ ಎರಡು ಸೂತ್ರಗಳಲ್ಲಿ ಹಾಕಿದರೆ ಒಂದು 161.7 ಕೊಡುತ್ತದೆ, ಇನ್ನೊಂದು 155. ಸಣ್ಣದೇ ಸತ್ಯ. 258 ಹೊರಬಲ್ಲ ಆಂಗಲ್ಲು ತುದಿಯ ಕಾರಣಕ್ಕೆ 155ಕ್ಕೆ ನಿಂತಿತು. ಬೇಕಾದದ್ದು 150, ಹಾಗಾಗಿ ಪಾಸು. ಆದರೆ ಕೂದಲೆಳೆಯ ಪಾಸು.

ಈಗ ಒಂದೇ ಒಂದು ಬೋಲ್ಟು ಹೆಚ್ಚಿಗೆ ಹಾಕಿ. ಮೂರು ಬೋಲ್ಟಿಗೆ ಸಾಲಿನುದ್ದ 160 ಆಗುತ್ತದೆ, ಬ್ಲಾಕ್ ಷಿಯರ್ 206ರ ಮೇಲಕ್ಕೆ ಹೋಗುತ್ತದೆ. ಬೋಲ್ಟು, ನಟ್ಟು, ವಾಷರ್ ಒಂದೊಂದು, ಒಂದು ತೂತು, 60 ಮಿಮೀ ಉದ್ದದ ಗಸೆಟ್ಟು. ಅಷ್ಟಕ್ಕೆ 50 ಕಿಲೋನ್ಯೂಟನ್ ಹೆಚ್ಚಿತು.

ಇದು ಯಾವಾಗ ಕೈಹಿಡಿಯುತ್ತದೆ ಗೊತ್ತೇ? ಪುಣೆಯ ಡ್ರಾಯಿಂಗನ್ನೇ ಮುಂಬೈ ಕೆಲಸಕ್ಕೆ ಎತ್ತಿ ಬಳಸಿದಾಗ. ಗಾಳಿಯ ಬಲದ ಕೋಡಾದ ಐಎಸ್ 875ರ ಮೂರನೇ ಭಾಗದಲ್ಲಿ ಪುಣೆ ಮತ್ತು ಪಣಜಿಯ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಮುಂಬೈಯದು 44. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುವುದರಿಂದ ಐದು ಮೀಟರಿನ ವ್ಯತ್ಯಾಸ 27 ಶೇಕಡಾ ಹೆಚ್ಚು ಬಲವಾಗುತ್ತದೆ. ಚಾಕಣದ 150 ಅದೇ ಶೆಡ್ಡಿಗೆ ಮುಂಬೈಯಲ್ಲಿ 191 ಆಯಿತು. ಎರಡು ಬೋಲ್ಟಿನ ತುದಿ ಹರಿಯಿತು, ಮೂರು ಬೋಲ್ಟಿನದು ನಿಂತಿತು. "ಅದೇ ಶೆಡ್ಡು, ಊರಷ್ಟೇ ಬೇರೆ" ಎಂದು ಮಾಲೀಕರು ಹೇಳಿದಾಗ ಈ ಎರಡು ಅಂಕಿ ತೋರಿಸಿ.

ಪ್ಲೇಟಿನ ನಡುವೆ ಪ್ಯಾಕಿಂಗ್ (ಸಂದಿ ತುಂಬಲು ಇಡುವ ತುಂಡು ಪ್ಲೇಟು) ಬಂದರೂ ಎಚ್ಚರ ಬೇಕು. 6 ಮಿಮೀಗಿಂತ ದಪ್ಪವಾದರೆ ಬೋಲ್ಟಿನ ಷಿಯರ್ ಕಡಿಮೆಯಾಗುತ್ತದೆ. 12 ಮಿಮೀ ಪ್ಯಾಕಿಂಗಿಗೆ 15 ಶೇಕಡಾ ಕಡಿತ.

ಬೋಲ್ಟನ್ನು ಎಳೆಯುವ ಜೋಡಣೆ

ರಾಫ್ಟರು (ಛಾವಣಿಯ ಓರೆ ತೊಲೆ) ಕಂಬಕ್ಕೆ ಕೂಡುವಲ್ಲಿ, ಅದರ ತುದಿಗೆ ವೆಲ್ಡ್ ಮಾಡಿದ ಎಂಡ್ ಪ್ಲೇಟಿನ ಬೋಲ್ಟುಗಳಿಗೆ ಎಳೆತ ಬರುತ್ತದೆ. ಎಂ 20, 8.8ರ ಬೋಲ್ಟು 141 ಕಿಲೋನ್ಯೂಟನ್ ಎಳೆತ ತಾಳುತ್ತದೆ. ಆದರೆ ಎಂಡ್ ಪ್ಲೇಟು ತೆಳುವಾಗಿದ್ದರೆ ಅದು ಬಾಗಿ, ಹೊರ ಅಂಚು ಕಂಬಕ್ಕೆ ಒತ್ತಿ, ಹಾರೆಯಿಂದ ಕಲ್ಲು ಮೀಟಿದಂತೆ ಬೋಲ್ಟನ್ನು ಮೀಟುತ್ತದೆ. ಇದಕ್ಕೆ ಪ್ರೈಯಿಂಗ್ ಎಂದು ಹೆಸರು. ಲೆಕ್ಕದಲ್ಲಿ ನೂರು ಕೊಟ್ಟ ಬೋಲ್ಟಿಗೆ ನಿಜದಲ್ಲಿ ನೂರಾ ಮೂವತ್ತು ಬಂದಿರಬಹುದು. ಮದ್ದು ಎರಡು: ಪ್ಲೇಟು ದಪ್ಪ ಮಾಡಿ, ಬೋಲ್ಟನ್ನು ವೆಬ್ಬಿಗೂ (ತೊಲೆಯ ನಡುವಿನ ನೆಟ್ಟಗಿನ ಪ್ಲೇಟು) ಫ್ಲ್ಯಾಂಜಿಗೂ (ಅದರ ಮೇಲೆ ಕೆಳಗಿನ ಅಡ್ಡ ಪ್ಲೇಟು) ಆದಷ್ಟು ಹತ್ತಿರ ತನ್ನಿ, ಪಾನಾ ತಿರುಗುವಷ್ಟು ಮಾತ್ರ ಜಾಗ ಬಿಡಿ. ಬೋಲ್ಟು ದಪ್ಪ ಮಾಡಿ ಪ್ಲೇಟು ತೆಳುವಾಗಿಯೇ ಬಿಟ್ಟವರ ಡ್ರಾಯಿಂಗು ನನ್ನ ಕೈಗೆ ಬಂದಾಗ ನಾನು ಮರು ಮಾತಿಲ್ಲದೆ ವಾಪಸು ಕಳುಹಿಸುತ್ತೇನೆ.

ಜಾರಬಾರದ ಜೋಡಣೆ

ಭೋಸರಿಯ ಕಾರ್ಖಾನೆಗಳಲ್ಲಿ ಓಡುವ ಇಒಟಿ ಕ್ರೇನಿನ (ತಲೆಯ ಮೇಲೆ ಹಳಿಯಲ್ಲಿ ಚಲಿಸುವ ವಿದ್ಯುತ್ ಕ್ರೇನು) ಗ್ಯಾಂಟ್ರಿ ತೊಲೆ, ಬಲ ಆಚೆಗೂ ಈಚೆಗೂ ತಿರುಗುವ ಜಾಗ, ಸ್ಲಾಟ್ ತೂತುಗಳು: ಇಲ್ಲೆಲ್ಲ ಬೋಲ್ಟು ತೂತಿಗೆ ಒರಗುವಷ್ಟು ಜಾರಿದರೂ ಕೆಡುಕು. ಬೋಲ್ಟನ್ನು ಬಿಗಿದು ಎರಡು ಪ್ಲೇಟುಗಳ ನಡುವಿನ ಘರ್ಷಣೆಯಿಂದಲೇ ಬಲ ದಾಟಿಸಬೇಕು. ಎಂ 20, 8.8ರ ಬೋಲ್ಟಿಗೆ ಬಿಗಿತ 137 ಕಿಲೋನ್ಯೂಟನ್. ಪ್ಲೇಟನ್ನು ಗ್ರಿಟ್ ಬ್ಲಾಸ್ಟ್ ಮಾಡಿದ್ದರೆ (ಗಡಸು ಕಣಗಳನ್ನು ರಭಸದಿಂದ ಹೊಡೆದು ಸ್ವಚ್ಛಗೊಳಿಸಿದ್ದರೆ) ಘರ್ಷಣೆಯ ಅಂಕಿ 0.5, ಬೋಲ್ಟೊಂದು ಸಂದಿಯೊಂದಕ್ಕೆ 55 ಕಿಲೋನ್ಯೂಟನ್ ದಾಟಿಸುತ್ತದೆ. ಏನೂ ಮಾಡದ ಪ್ಲೇಟಿಗೆ 0.2, ದಾಟುವುದು 22. ರೆಡ್ ಲೆಡ್ ಪ್ರೈಮರ್ ಬಳಿದರೆ 0.1, ಆಗ 11. ಶಾಪಿನಲ್ಲಿ "ಎಲ್ಲಾ ಕಡೆ ಪ್ರೈಮರ್ ಹೊಡೀರಿ" ಎಂದ ಒಂದು ಮಾತಿಗೆ ಜೋಡಣೆಯ ಐದರಲ್ಲಿ ನಾಲ್ಕು ಪಾಲು ಬಲ ಹೋಯಿತು. ಡ್ರಾಯಿಂಗಿನ ಮೇಲೆ ದೊಡ್ಡಕ್ಷರದಲ್ಲಿ ಬರೆಯಿರಿ: ಈ ಮುಖಕ್ಕೆ ಬಣ್ಣ ಬಳಿಯಬಾರದು. ಬರೆದದ್ದು ಸಾಲದು, ಟೇಪು ಅಂಟಿಸಿ ಕಳುಹಿಸಿ.

ಸಾಮಾನ್ಯ ಶೆಡ್ಡಿನ ಬ್ರೇಸಿಂಗಿಗೂ ಪರ್ಲಿನ್ನಿಗೂ ಇದರ ಅಗತ್ಯವಿಲ್ಲ, ಸ್ನಗ್ ಟೈಟ್ ಸಾಕು.

ಬಿಗಿಯುವುದು

ಸ್ನಗ್ ಟೈಟ್ ಅಂದರೆ ಒಬ್ಬ ಆಳು ಸಾಮಾನ್ಯ ಪಾನಾದಿಂದ ತನ್ನ ಪೂರ್ತಿ ಬಲ ಹಾಕಿ ತಿರುಗಿಸಿ, ಪ್ಲೇಟುಗಳು ಒಂದಕ್ಕೊಂದು ಗಟ್ಟಿಯಾಗಿ ಕೂತ ಸ್ಥಿತಿ. ಘರ್ಷಣೆಯ ಜೋಡಣೆಗೆ ಅಲ್ಲಿಂದ ಮುಂದೆ ನಟ್ಟನ್ನು ಗೊತ್ತುಪಡಿಸಿದಷ್ಟು ಸುತ್ತು ತಿರುಗಿಸಬೇಕು. ಎಚ್‌ಟಿ ಬೋಲ್ಟುಗಳ ಕೋಡಾದ ಐಎಸ್ 4000ರಲ್ಲಿ ಆ ಪಾರ್ಟ್ ಟರ್ನ್ ಪದ್ಧತಿ ಇದೆ. ನಟ್ಟು, ಬೋಲ್ಟು, ಪ್ಲೇಟು ಮೂರರ ಮೇಲೂ ಪೇಂಟ್ ಮಾರ್ಕರಿನಿಂದ ಒಂದೇ ಗೆರೆ ಎಳೆದು ಆಮೇಲೆ ತಿರುಗಿಸಿ. ಕೆಳಗಿನಿಂದಲೇ ದುರ್ಬೀನು ಹಿಡಿದು ಯಾವುದು ತಿರುಗಿದೆ, ಯಾವುದು ಬಿಟ್ಟುಹೋಗಿದೆ ಎಂದು ಕಾಣಬಹುದು.

ಟಾರ್ಕ್ ರೆಂಚನ್ನು ನಾನು ಕಣ್ಣುಮುಚ್ಚಿ ನಂಬುವುದಿಲ್ಲ. ಎಂ 20ಕ್ಕೆ 137 ಕಿಲೋನ್ಯೂಟನ್ ಬಿಗಿತ ತರಲು ಒಣ ಬೋಲ್ಟಿಗೆ ಸುಮಾರು 550 ನ್ಯೂಟನ್ ಮೀಟರ್ ಬೇಕು. ಎಣ್ಣೆ ಸವರಿದ್ದರೆ 410ರ ಆಸುಪಾಸಿಗೇ ಅಷ್ಟು ಬಂದುಬಿಡುತ್ತದೆ. ಮಳೆಯಲ್ಲಿ ಬಿದ್ದು ತುಕ್ಕು ಹಿಡಿದ ಬೋಲ್ಟಿನಲ್ಲಿ ರೆಂಚು ಟಕ್ ಎಂದರೂ ಬೋಲ್ಟಿನೊಳಗೆ ಬಿಗಿತ ಇರುವುದಿಲ್ಲ, ತಿರುಗಿಸಿದ್ದೆಲ್ಲ ತುಕ್ಕಿನ ಜೊತೆ ಗುದ್ದಾಡಿ ಕಳೆದುಹೋಗಿರುತ್ತದೆ. ಆದ್ದರಿಂದ ಬೋಲ್ಟಿನ ಡಬ್ಬಿಯನ್ನು ಒಣ ಜಾಗದಲ್ಲಿಡಿ, ಆಯಾ ದಿನಕ್ಕೆ ಬೇಕಾದಷ್ಟೇ ಮೇಲೆ ಕಳುಹಿಸಿ. ಬಿಗಿಯುವುದು ಗುಂಪಿನ ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ.

ಬೋಲ್ಟಿನ ಉದ್ದಕ್ಕೆ ಪ್ಲೇಟುಗಳ ದಪ್ಪ, ವಾಷರ್, ನಟ್ಟು, ಆಚೆ ಇಣುಕುವ ಒಂದೆರಡು ಥ್ರೆಡ್ ಇಷ್ಟನ್ನೂ ಕೂಡಿಸಿ. ನಮ್ಮ ಜೋಡಣೆಗೆ 16 + 4 + 18 + 5, ಅಂದರೆ 43, ಅದರ ಮೇಲಿನ ಅಳತೆ 45 ಮಿಮೀ ಬೋಲ್ಟು. ಥ್ರೆಡ್ ನಟ್ಟಿನೊಳಗೇ ಮುಗಿದಿದ್ದರೆ ಆ ಬೋಲ್ಟು ತೆಗೆಸಿ.

ಗೋವಾ, ಮುಂಬೈ ಕಡಲತಡಿಯಲ್ಲಿ ಉಪ್ಪುಗಾಳಿ ಪ್ಲೇಟುಗಳ ಸಂದಿಯಲ್ಲೇ ಮೊದಲು ಕೂರುತ್ತದೆ. ಅಂಚಿನ ಅಂತರ ತೀರ ಹೆಚ್ಚಾದರೆ ಸಂದಿ ಬಾಯಿಬಿಡುವುದರಿಂದ ಅಲ್ಲಿ ಗರಿಷ್ಠ ಮಿತಿ 40 ಮಿಮೀಗೆ ತೆಳು ಪ್ಲೇಟಿನ ದಪ್ಪದ ನಾಲ್ಕು ಪಟ್ಟು ಸೇರಿಸಿದಷ್ಟು. 8 ಮಿಮೀ ಪ್ಲೇಟಿಗೆ 72. ಹಾಟ್ ಡಿಪ್ ಗ್ಯಾಲ್ವನೈಸ್ ಆದ 8.8 ಬೋಲ್ಟುಗಳನ್ನು ನಟ್ಟಿನ ಸಮೇತ ಸೆಟ್ಟಾಗಿಯೇ ಕೊಳ್ಳಿ. ಸತುವಿನ ಪದರಕ್ಕೆ ಜಾಗ ಬೇಕೆಂದು ಅದರ ನಟ್ಟಿನ ಥ್ರೆಡ್ಡನ್ನು ಬೇರೆಯಾಗಿ ಕೊರೆದಿರುತ್ತಾರೆ, ಕರಿ ನಟ್ಟು ಕೂಡುವುದಿಲ್ಲ. 10.9ಕ್ಕೆ ಗ್ಯಾಲ್ವನೈಸಿಂಗ್ ಮಾಡಿಸುವಾಗ ಆಸಿಡ್ ತೊಳೆತದಲ್ಲಿ ಹೈಡ್ರೋಜನ್ ಸೇರಿ ಬೋಲ್ಟು ಗಾಜಿನಂತೆ ಒಡೆಯುವ ಅಪಾಯವಿರುವುದರಿಂದ ನಾನು ಕಡಲತಡಿಯಲ್ಲಿ 8.8ಕ್ಕೇ ನಿಲ್ಲುತ್ತೇನೆ.

ಸೈಟಿನಲ್ಲಿ ಬದಲಾವಣೆ ಕೇಳಿದಾಗ

1981ರ ಜುಲೈ 17ರಂದು ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ತೂಗುಹಾಕಿದ್ದ ನಡೆದಾರಿಗಳು ಕುಸಿದು 114 ಜನ ಸತ್ತರು. ಮೂಲ ನಕ್ಷೆಯಲ್ಲಿ ಮಾಳಿಗೆಯಿಂದ ಒಂದೇ ಉದ್ದದ ರಾಡು ಇಳಿದು ಮೇಲಿನ ದಾರಿಯನ್ನೂ ಕೆಳಗಿನ ದಾರಿಯನ್ನೂ ಹೊರಬೇಕಿತ್ತು. ಕೆಲಸ ಸುಲಭವಾಗಲೆಂದು ಅದನ್ನು ಎರಡು ರಾಡು ಮಾಡಿ, ಕೆಳಗಿನ ದಾರಿಯನ್ನು ಮೇಲಿನ ದಾರಿಯ ತೊಲೆಗೆ ತೂಗಿಸಿದರು. ಮೇಲಿನ ತೊಲೆಯ ಕೆಳಗಿದ್ದ ನಟ್ಟಿಗೆ ಎರಡು ಪಟ್ಟು ಭಾರ ಬಿತ್ತು. ಹೊಸ ಚಿತ್ರ ಬಿಡಿಸಿ ಬಲದ ಗೆರೆಯನ್ನು ಇನ್ನೊಮ್ಮೆ ಎಳೆದಿದ್ದರೆ ಐದು ನಿಮಿಷದಲ್ಲಿ ಕಾಣುವಂಥ ತಪ್ಪು. ಚಾಕಣದ ಫಿಟ್ಟರಿಗೆ ನಾನು ಈ ಕಥೆಯನ್ನೇ ಹೇಳಿದೆ. ಅವನು ತಲೆಯ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ಕೇಳಿದ.

ಅವನ ಗ್ಯಾಸಿನ ಮಾತಿಗೆ ಬರೋಣ. ತೂತನ್ನು ಆರು ಮಿಮೀ ಉದ್ದ ಮಾಡಿದರೆ ಆ ಬೋಲ್ಟು ತೂತಿನೊಳಗೆ ಸಡಿಲ ನಿಲ್ಲುತ್ತದೆ. ಗಾಳಿ ಬಂದಾಗ ಸರಿಯಾಗಿ ಕೂತ ಇನ್ನೊಂದು ಬೋಲ್ಟೇ ಇಡೀ 150ಕ್ಕೆ ಎದೆಗೊಡಬೇಕು, ಅದರ ತೂತು ತಾಳುವುದು 79. ಗ್ಯಾಸಿನ ತೂತಿನ ಅಂಚು ಹಲ್ಲುಹಲ್ಲಾಗಿ ಗಡುಸಾಗಿರುತ್ತದೆ, ಬಿರುಕು ಹುಟ್ಟುವುದು ಅಲ್ಲಿಂದಲೇ. ಇದೆಲ್ಲದರ ಮೇಲೆ ತುದಿಯ ಅಂತರವೂ ಕಡಿಮೆಯಾಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ತೂತು ಕೂಡದಿದ್ದರೆ ಮೊದಲು ಕಂಬ ತೂಗುಗುಂಡಿಗೆ ಸರಿಯಿದೆಯೇ ನೋಡಿ. ಎಷ್ಟೋ ಸಲ ಓರೆಯಾಗಿರುವುದು ಕಂಬ, ಬೈಸಿಕೊಳ್ಳುವುದು ತೂತು. ಒಂದೆರಡು ಮಿಲಿಮೀಟರಿನ ತಪ್ಪಾದರೆ ಡ್ರಿಫ್ಟ್ ಪಿನ್ನಿನಿಂದ (ತುದಿಗೆ ಸಪೂರವಾಗುವ ಉಕ್ಕಿನ ಗೂಟ) ಮೆಲ್ಲಗೆ ಎಳೆದು ಕೂಡಿಸಬಹುದು, ಸುತ್ತಿಗೆಯಿಂದ ಬಡಿದು ನುಗ್ಗಿಸಬಾರದು. ಇನ್ನೂ ಕೂಡದಿದ್ದರೆ ತೂತನ್ನು ರೀಮರಿನಿಂದ 26ಕ್ಕೆ ಹಿಗ್ಗಿಸಿ ಎಂ 24 ಹಾಕುವ ದಾರಿ ಇದೆ, ಅಂಚಿನ ಅಂತರ ಒಪ್ಪಿದರೆ ಮಾತ್ರ. 26ರ ತೂತಿಗೆ 39 ಮಿಮೀ ಬೇಕು. ನಮ್ಮಲ್ಲಿ ತುದಿಗೆ 40 ಇತ್ತು, ಆಂಗಲ್ಲಿನ ಅಂಚಿಗೆ 35 ಮಾತ್ರ. ಆ ದಾರಿ ಮುಚ್ಚಿತು.

ಅಂದು ಕಂಬ ನೆಟ್ಟಗಿತ್ತು, ಆಂಗಲ್ಲಿನ ತೂತುಗಳೂ ಡ್ರಾಯಿಂಗಿನಂತೆಯೇ ಇದ್ದವು. ಗಸೆಟ್ಟಿನ ತೂತೊಂದೇ ತಪ್ಪಿತ್ತು. ಹಳೆಯ ಗಸೆಟ್ಟನ್ನು ಗ್ರೈಂಡರಿನಿಂದ ಬಿಡಿಸಿ, ಅಲ್ಲೇ ಆಂಗಲ್ಲಿನ ತೂತುಗಳಿಂದ ರಟ್ಟಿನ ಮೇಲೆ ಅಳತೆ ತೆಗೆದು, ಭೋಸರಿಯ ಶಾಪಿಗೆ ಫೋಟೊ ಸಮೇತ ಕಳುಹಿಸಿದೆವು. ಆಂಗಲ್ಲನ್ನೂ ಕೆಳಗಿಳಿಸಿ ಮೂರನೆಯ ತೂತು ಕೊರೆಸಿದೆ. ಮರುದಿನ ಹನ್ನೊಂದಕ್ಕೆ ಮೂರು ತೂತಿನ ಹೊಸ ಗಸೆಟ್ಟು ಬಂತು. ವೆಲ್ಡಿಗೆ ಎರಡು ಗಂಟೆ, ಬೋಲ್ಟಿಗೆ ಹತ್ತು ನಿಮಿಷ. ಫಿಟ್ಟರು ಮೂರೂ ಬೋಲ್ಟು ಬಿಗಿದು, ಮಾರ್ಕರಿನಿಂದ ಗೆರೆ ಎಳೆದು, ಮೇಲಿಂದಲೇ ಕೂಗಿದ: "ಕೂಡ್ತ್ರಿ ಸಾಹೇಬ್ರ. ಆ ಕಡಿ ಬ್ರೇಸಿಂಗಿನ ತುದಿನೂ ಒಮ್ಮಿ ಅಳದ್ ನೋಡ್ಲೇನ್ರಿ?"

ನೋಡಿದ. ಅಲ್ಲಿ ತುದಿಯ ಅಂತರ 28 ಇತ್ತು.